ಎರಡು ಆಕಳಿಗೆ ಇಪ್ಪತ್ತು ಅಡಿ ಗುಂಡಿ ಯಾಕ್ರೀ?

"ಸೈಲೇಜಾ? ಅದು ದೊಡ್ಡ ಡೇರಿ ಇಟ್ಟವರ ಕೆಲಸ ಬಿಡ್ರಿ. ಎರಡು ಆಕಳು ಕಟ್ಟಿದವರಿಗೆ ಅದೆಲ್ಲ ಯಾಕೆ?"

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಊರಿನ ಪಶು ಇಲಾಖೆಯವರೊಬ್ಬರು ಹೇಳಿದರು. ನಮ್ಮದೇ ಕಸುಬಿನವರು, ಅಂದರೆ ಸಾಲ ಕೊಡುವ ಬ್ಯಾಂಕಿನವರು ಹೇಳಿದರು. ಮೇವು ಕತ್ತರಿಸುವ ಯಂತ್ರ ಮಾರುವವನು ಹೇಳಿದ (ಅವನಿಗೆ ಐದು ಎಚ್‌ಪಿ ಯಂತ್ರ ಮಾರಬೇಕಾಗಿತ್ತು, ಇರಲಿ). ಕಡೆಗೆ ಇಲ್ಲಿ ಪುಣೆಯಲ್ಲಿ ನಮ್ಮ ಕನ್ನಡದ ಗೆಳೆಯರ ನಡುವೆ ಕೂತು ಈ ವಿಷಯ ತೆಗೆದರೆ ಅವರೂ ಅದನ್ನೇ ಹೇಳುತ್ತಾರೆ. ಹೇಳಿದವರಲ್ಲಿ ಒಬ್ಬರಾದರೂ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದ್ದಾರಾ ಅಂತ ನೋಡಿದರೆ, ಊಹೂಂ. ನಾನು ಓದಿದ್ದು ಬಿಕಾಂ, ಪಶುವೈದ್ಯನಲ್ಲ, ಆದರೆ ಲೆಕ್ಕ ಅಂದರೆ ಸುಮ್ಮನಿರುವುದು ನನ್ನಿಂದ ಆಗದ ಕೆಲಸ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾರ ಸಲುವಾಗಿ ಈ ಜಗಳ ಅಂತ ಹೇಳಿಬಿಡುತ್ತೇನೆ. ನಮ್ಮದು ಹಾವೇರಿ ಜಿಲ್ಲೆ. ಊರಲ್ಲಿ ಅಣ್ಣ, ವೈನಿ ಇದ್ದಾರೆ. ಎರಡು ಮಿಶ್ರತಳಿ ಆಕಳು. ಆಕಳ ಕೆಲಸ ಪೂರ್ತಿ ವೈನಿಯದು, ಡೇರಿಯ ಹಾಲಿನ ದುಡ್ಡೂ ವೈನಿಯ ಖಾತೆಗೇ ಜಮಾ ಆಗುತ್ತದೆ. ಅರವತ್ತರ ಹತ್ತಿರ ಬಂದ ಹೆಣ್ಣುಮಗಳ ಹೆಸರಲ್ಲಿ ಗಂಡನನ್ನಾಗಲಿ ಮಗನನ್ನಾಗಲಿ ಕೇಳದೆ ಖರ್ಚು ಮಾಡಬಹುದಾದ ದುಡ್ಡು ಅಂತ ಆ ಮನೆಯಲ್ಲಿ ಇರುವುದು ಅದೊಂದೇ. ಮಳೆಗಾಲ ಮುಗಿದು ಸಂಕ್ರಾಂತಿ ದಾಟಿತೋ, ಬದುವಿನ ಹುಲ್ಲು ಒಣಗುತ್ತದೆ. ಆಮೇಲೆ ದಿನಕ್ಕೆ ಎರಡು ತಾಸು ಕಾಲುವೆ ಹಿಡಿದು, ಯಾರದೋ ತೋಟ ಹಿಡಿದು ಹಸಿ ಹುಲ್ಲಿನ ಹೊರೆ ತರಬೇಕು. ಮಾರ್ಚ್ ಬಂತೆಂದರೆ ಅದೂ ಇಲ್ಲ. ಹಾಲು ಅರ್ಧಕ್ಕಿಳಿಯುತ್ತದೆ. ಆಗ ಪುಣೆಗೆ ಫೋನು: "ಮೇವಿಲ್ಲಪಾ, ಒಂದು ಆಕಳ ಕೊಟ್ಟುಬಿಡೋಣು ಅಂತ ನಿಮ್ಮಣ್ಣ ಅಂತಾರು."

ಇಂಥ ಫೋನು ಬರುವುದು ನನ್ನ ಒಬ್ಬನ ಮನೆಗಲ್ಲ. ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನರ ಮನೆಗೆ ಬಂದಿದೆ ಅಂತ ನನಗೆ ಗೊತ್ತು. ಮತ್ತು ನಾವು ಕೊಡುವ ಉತ್ತರವೂ ಗೊತ್ತು. "ಮಾರಿಬಿಡ್ರಿ, ಎಷ್ಟು ದಿನ ದುಡೀತೀರಿ, ನಾ ತಿಂಗಳಾ ದುಡ್ಡು ಕಳಸ್ತೀನಿ." ಕೇಳಲಿಕ್ಕೆ ಎಷ್ಟು ಪ್ರೀತಿಯ ಮಾತು! ಆದರೆ ಬೇಸಿಗೆಯಲ್ಲಿ ಮಾರಿದ ಆಕಳಿಗೆ ಬರುವ ಬೆಲೆ ಏನು? ಇಡೀ ಊರಿಗೆ ಮೇವಿಲ್ಲದಾಗ ಎಲ್ಲರೂ ಮಾರುವವರೇ, ಕೊಳ್ಳುವವರು ಯಾರು? ಮತ್ತೆ ಜೂನ್‌ನಲ್ಲಿ ಮಳೆ ಬಿದ್ದು ಹುಲ್ಲು ಚಿಗುರಿದಾಗ ಅದೇ ಥರದ ಆಕಳು ಕೊಳ್ಳಲು ಹೋದರೆ ಬೆಲೆ ಎಷ್ಟು ಏರಿರುತ್ತದೆ ಅಂತ ಸಂತೆಗೆ ಹೋದವರನ್ನು ಕೇಳಿ. ಶೇರು ಬಿದ್ದಾಗ ಮಾರಿ ಏರಿದಾಗ ಕೊಳ್ಳುವವನನ್ನು ನಾವು ದಡ್ಡ ಅಂತೀವಿ. ಊರಿನ ಅಣ್ಣನಿಗೆ ಅದನ್ನೇ ಮಾಡು ಅಂತ ಸಲಹೆ ಕೊಟ್ಟು ಫೋನು ಇಡುತ್ತೀವಿ.

ಸಮಸ್ಯೆ ಮೇವು ಇಲ್ಲದ್ದಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹಾವೇರಿ ಕಡೆ ಬಸ್ಸಿನಲ್ಲಿ ಕೂತು ಕಿಟಕಿಯಾಚೆ ನೋಡಿ, ಕಣ್ಣು ಹಾಯುವಷ್ಟು ದೂರ ಗೋವಿನಜೋಳ. ಹೆಸರೇ ಗೋವಿನ ಜೋಳ! ಬದುವಿನ ತುಂಬ ಹುಲ್ಲು. ಆಗ ತಿನ್ನಲಾರದಷ್ಟು, ಏಪ್ರಿಲ್‌ನಲ್ಲಿ ಮೂಸಲಿಕ್ಕೂ ಇಲ್ಲ. ಸೆಪ್ಟೆಂಬರಿನ ಹಸಿರನ್ನು ಏಪ್ರಿಲ್‌ಗೆ ಸಾಗಿಸುವುದು ಹೇಗೆ ಅನ್ನುವುದಷ್ಟೇ ಪ್ರಶ್ನೆ. ಅದಕ್ಕೆ ಉತ್ತರ ಸೈಲೇಜು. ಹಸಿ ಮೇವನ್ನು ಸಣ್ಣಗೆ ಕತ್ತರಿಸಿ, ಗಾಳಿ ಇಲ್ಲದ ಹಾಗೆ ಒತ್ತಿ ತುಂಬಿ, ಬಾಯಿ ಕಟ್ಟಿ ಇಡುವುದು. ಕತ್ತರಿಸಿದ ಮೇಲೂ ಗಿಡ ಸ್ವಲ್ಪ ಹೊತ್ತು ಉಸಿರಾಡುತ್ತದೆ, ಒಳಗೆ ಉಳಿದ ಚೂರುಪಾರು ಗಾಳಿ ಅದರಲ್ಲೇ ಮುಗಿಯುತ್ತದೆ. ಗಾಳಿ ಮುಗಿದ ಕೂಡಲೇ ಎಲೆಯ ಮೇಲಿದ್ದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಮೇವಿನ ಸಕ್ಕರೆಯನ್ನು ಹುಳಿ ಮಾಡತೊಡಗುತ್ತವೆ. ಹುಳಿ ಏರಿ ಪಿಎಚ್ ನಾಲ್ಕರ ಹತ್ತಿರ ಬಂದಾಗ ಕೊಳೆಸುವ ಜೀವಿಗಳಿಗೆ ಬದುಕಲಾಗುವುದಿಲ್ಲ. ಅಲ್ಲಿಂದ ಮುಂದೆ ಗಾಳಿ ಹೋಗದಿದ್ದರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಹಾಲು ಹೆಪ್ಪಾಗುವುದು, ದೋಸೆ ಹಿಟ್ಟು ಹುಳಿ ಬರುವುದು ಇದೇ ಜಾತಿಯ ಬ್ಯಾಕ್ಟೀರಿಯಾಗಳಿಂದ. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇದನ್ನು ಕಲಿಸಲು ಯಾವ ತರಬೇತಿ ಶಿಬಿರ ಬೇಕು ಹೇಳಿ?

ಮರಾಠಿಯವರು ಇದಕ್ಕೆ ಎಷ್ಟು ಚೆಂದ ಹೆಸರಿಟ್ಟಿದ್ದಾರೆ ನೋಡಿ. ಮುರಘಾಸ. ಉಪ್ಪಿನಕಾಯಿ ಹದಕ್ಕೆ ಬಂದಾಗ ಇಲ್ಲಿಯವರು "ಲೋಣಚಂ ಮುರಲಂ" ಅಂತಾರೆ. ಹಾಗೆ ಮುರಿದ, ಅಂದರೆ ಕಳಿತು ಹದಗೊಂಡ ಹುಲ್ಲು ಮುರಘಾಸ. ಹೆಸರು ಕೇಳಿದರೆ ಸಾಕು, ಮಾಡುವ ಬಗೆ ಅರ್ಧ ತಿಳಿದಂತೆ. ನಮ್ಮಲ್ಲಿ ಸರ್ಕಾರಿ ಕರಪತ್ರಗಳಲ್ಲಿ ಇದು "ರಸಮೇವು". ರಸ ಎಲ್ಲಿದೆ ಸ್ವಾಮೀ ಅದರಲ್ಲಿ? ಚೀಲದ ಬುಡದಲ್ಲಿ ರಸ ಸೋರಿದರೆ ಮೇವು ತೀರ ಹಸಿ ಇತ್ತು, ಕೆಟ್ಟಿತು ಅಂತ ಅರ್ಥ. ಮಾಡಬಾರದ್ದನ್ನೇ ಹೆಸರಾಗಿಟ್ಟಿದ್ದೀವಿ. ನಾನಾದರೆ ಹುಳಿಮೇವು ಅಂತಿದ್ದೆ.

ಈಗ ಆ ಗುಂಡಿಯ ವಿಷಯಕ್ಕೆ ಬರೋಣ.

ಸೈಲೇಜ್ ಅಂದ ಕೂಡಲೇ ಎಲ್ಲರೂ ತೋರಿಸುವುದು ಒಂದೇ ಚಿತ್ರ. ಸಿಮೆಂಟಿನ ಗುಂಡಿ ಇಲ್ಲವೇ ಗೋಡೆ ಕಟ್ಟಿದ ಬಂಕರು, ಅದರ ಮೇಲೆ ಟ್ರ್ಯಾಕ್ಟರ್ ಓಡಿಸಿ ಒತ್ತುವುದು. ಯೋಜನಾ ವರದಿ ಬರೆಯುವವರಿಗೂ ಅದೇ ಅನುಕೂಲ, ಅಳತೆ ಸಿಗುತ್ತದೆ, ಅಂದಾಜು ಪಟ್ಟಿ ಸಿಗುತ್ತದೆ, ಫೋಟೋ ತೆಗೆಯಲು ಒಂದು ವಸ್ತು ಇರುತ್ತದೆ. ಸಣ್ಣ ರೈತ ಅದನ್ನು ನೋಡಿ "ನಮಗಲ್ಲ ಇದು" ಅಂತ ಎದ್ದು ಹೋಗುತ್ತಾನೆ. ಖರ್ಚು ಜಾಸ್ತಿ ಅಂತ ಮಾತ್ರ ಅಂದುಕೊಳ್ಳಬೇಡಿ. ಯಾರೋ ಪುಣ್ಯಾತ್ಮರು ಪುಕ್ಕಟೆ ಕಟ್ಟಿಸಿಕೊಟ್ಟರೂ ಎರಡು ಆಕಳಿನವರಿಗೆ ಆ ಗುಂಡಿ ಬರಕತ್ತಾಗುವುದಿಲ್ಲ. ಯಾಕೆ ಅಂದರೆ ಲೆಕ್ಕ.

ಸೈಲೇಜಿನ ಶತ್ರು ಗಾಳಿ. ಗುಂಡಿ ತೆರೆದ ದಿನದಿಂದ ಎದುರಿಗೆ ಕಾಣುವ ಮೇವಿನ ಗೋಡೆಗೆ ಗಾಳಿ ತಾಕುತ್ತದೆ, ಬಿಸಿಯಾಗುತ್ತದೆ, ಬೂಷ್ಟು ಬರುತ್ತದೆ. ನಮ್ಮಂಥ ಸೆಕೆಯ ಸೀಮೆಯಲ್ಲಿ ದಿನಾ ಕನಿಷ್ಠ ಹದಿನೈದು ಸೆಂಟಿಮೀಟರಾದರೂ ಆ ಗೋಡೆಯನ್ನು ಕೆರೆದು ತೆಗೆಯುತ್ತಾ ಹೋದರೆ ಮಾತ್ರ ಬೂಷ್ಟಿಗಿಂತ ನಾವು ಮುಂದಿರುತ್ತೇವೆ. ಈಗ ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಒಂದು ಚಿಕ್ಕ ಗುಂಡಿಯನ್ನೇ ತೆಗೆದುಕೊಳ್ಳಿ. ಗೋಡೆ ಮೂರು ಚದರ ಮೀಟರು. ಹದಿನೈದು ಸೆಂಟಿಮೀಟರ್ ತೆಗೆದರೆ 0.45 ಘನ ಮೀಟರು. ಚೆನ್ನಾಗಿ ಒತ್ತಿದ ಸೈಲೇಜು ಘನ ಮೀಟರಿಗೆ ಐನೂರು ಕಿಲೋ ಅಂತ ಹಿಡಿದರೂ ದಿನಕ್ಕೆ 225 ಕಿಲೋ. ಒಂದು ಆಕಳಿಗೆ ಇಪ್ಪತ್ತು ಕಿಲೋ ಹಾಕಿದರೂ ಹನ್ನೊಂದು ಆಕಳು ಬೇಕು! ಎರಡು ಆಕಳು ಇಟ್ಟವರು ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋ ತೆಗೆದರೆ ಉಳಿದದ್ದು ಕಣ್ಣೆದುರೇ ಹಾಳು. ಆಮೇಲೆ ಊರೆಲ್ಲ ಸುದ್ದಿ: "ಅವರ ಮನ್ಯಾಗ ಮಾಡಿದ್ರು, ಎಲ್ಲಾ ಕೊಳೀತು, ನಮ್ಮ ಕಡೆ ಹವಾಕ್ಕ ಅದು ಆಗೂದಿಲ್ಲ." ಹವೆಯ ತಪ್ಪಲ್ಲ ಅದು, ಗುಂಡಿಯ ಅಳತೆಯ ತಪ್ಪು.

ಅದಕ್ಕೇ ನನ್ನ ವಾದ ಏನಂದರೆ, ಎರಡು ಆಕಳಿನವರಿಗೆ ಚೀಲವೇ ಸರಿ. ಗತಿಯಿಲ್ಲದೆ ಚೀಲ ಅಂತಲ್ಲ, ಅವರ ಅಳತೆಗೆ ಅದೇ ಸರಿಯಾದ ಪಾತ್ರೆ. ಐವತ್ತು ಕಿಲೋದ ಒಂದು ಚೀಲ ಬಿಚ್ಚಿದರೆ ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಬೂಷ್ಟಿಗೆ ಪುರುಸೊತ್ತೇ ಇಲ್ಲ. ಒಂದು ಚೀಲ ಹರಿದು ಕೆಟ್ಟರೆ ಹೋಗುವುದು ಒಂದು ಚೀಲ, ಇಡೀ ಬೇಸಿಗೆಯ ಮೇವಲ್ಲ. ಸಾಲ ಕೊಡುವವನ ಭಾಷೆಯಲ್ಲಿ ಹೇಳುವುದಾದರೆ, ನಲವತ್ತು ಜನರಿಗೆ ಹಂಚಿ ಕೊಟ್ಟ ಸಾಲಕ್ಕೂ ಒಬ್ಬನಿಗೇ ಕೊಟ್ಟ ಸಾಲಕ್ಕೂ ಇರುವ ವ್ಯತ್ಯಾಸ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದೇನಲ್ಲ. 1999ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಉಷ್ಣವಲಯದ ಸಣ್ಣ ರೈತರ ಸೈಲೇಜಿನ ಬಗ್ಗೆಯೇ ಇಮೇಲ್ ಮೂಲಕ ಒಂದು ಸಮ್ಮೇಳನ ನಡೆಸಿತ್ತು. ಅದರಲ್ಲಿ ಐದೇ ಕಿಲೋ ಹಿಡಿಯುವ ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲಿನ ಸೈಲೇಜ್ ಮಾಡುವ ಪ್ರಯೋಗದ ವಿವರ ಬಂದಿದೆ. ಐದು ಕಿಲೋ! ನಾವು ಚಿತ್ರಾನ್ನ ಕಟ್ಟಿಸಿಕೊಂಡು ಬರುವ ಗಾತ್ರದ ಚೀಲ. ಇಪ್ಪತ್ತೈದು ವರ್ಷಕ್ಕೂ ಹೆಚ್ಚಾಯಿತು, ಇನ್ನೂ ನಮ್ಮ ತಾಲೂಕು ಮಟ್ಟದಲ್ಲಿ ಗುಂಡಿಯ ಅಳತೆಯೇ ನಡೆದಿದೆ.

ಇನ್ನು ವಿದ್ಯೆಯೇನು ಹೊಸದಾ? ಫ್ರಾನ್ಸಿನ ಅಗಸ್ಟ್ ಗೊಫಾರ್ ಎಂಬ ರೈತ ಮೆಕ್ಕೆಜೋಳದ ಸೈಲೇಜಿನ ಮೇಲೆ ಪುಸ್ತಕ ಬರೆದದ್ದು 1877ರಲ್ಲಿ. ಫಿನ್ಲೆಂಡಿನ ಎ.ಐ. ವಿರ್ಟಾನೆನ್ ಎಂಬ ರಸಾಯನಶಾಸ್ತ್ರಜ್ಞನಿಗೆ 1945ರ ನೊಬೆಲ್ ಪ್ರಶಸ್ತಿ ಬಂದದ್ದಕ್ಕೆ ಮುಖ್ಯ ಕಾರಣ ಹಸಿ ಮೇವನ್ನು ಆಮ್ಲ ಹಾಕಿ ಕಾಪಾಡುವ ಆತನ ವಿಧಾನ. ಆಕಳ ಮೇವಿಗೆ ನೊಬೆಲ್ಲು! ಅವರಿಗೆ ಹಿಮದಲ್ಲಿ ಹುಲ್ಲಿಲ್ಲ, ನಮಗೆ ಬಿಸಿಲಲ್ಲಿ ಹುಲ್ಲಿಲ್ಲ, ಕಷ್ಟ ಒಂದೇ.

ಸರಿ, ಎರಡು ಆಕಳಿಗೆ ಎಷ್ಟು ಬೇಕು? ಸೈಲೇಜೇ ಪೂರ್ತಿ ಊಟ ಅಂತ ನಾನು ಹೇಳುತ್ತಿಲ್ಲ. ನಾನೂರು ಕಿಲೋ ತೂಗುವ ಮಿಶ್ರತಳಿ ಆಕಳು ದಿನಕ್ಕೆ ಹತ್ತು ಹನ್ನೆರಡು ಕಿಲೋ ಒಣತೂಕದ ಮೇವು ತಿನ್ನುತ್ತದೆ. ಹತ್ತು ಕಿಲೋ ಸೈಲೇಜಿನಲ್ಲಿ ನೀರು ಕಳೆದರೆ ಉಳಿಯುವುದು ಮೂರು ಮೂರೂವರೆ ಕಿಲೋ. ಅಂದರೆ ಊಟದ ಮೂರನೇ ಒಂದು ಪಾಲು. ಉಳಿದದ್ದಕ್ಕೆ ಬಣವೆಯ ಸೊಪ್ಪೆ, ಕಣಿಕೆ, ಹಿಂಡಿ ಇದ್ದೇ ಇದೆ. ಬೇಸಿಗೆಯ ತೊಂಬತ್ತು ದಿನಕ್ಕೆ ಎರಡು ಆಕಳಿಗೆ 1800 ಕಿಲೋ. ಹಾಳಾಗುವುದು ಹೋಗುವುದು ಸೇರಿಸಿ ಎರಡು ಟನ್ ಇಟ್ಟುಕೊಳ್ಳಿ. ಐವತ್ತು ಕಿಲೋದ ನಲವತ್ತು ಚೀಲ.

ಎರಡು ಟನ್ ಹಸಿ ಗೋವಿನಜೋಳ ಬೆಳೆಯಲು ಎಷ್ಟು ಹೊಲ? ಎಕರೆಗೆ ಹದಿನೈದರಿಂದ ಇಪ್ಪತ್ತು ಟನ್ ಹಸಿ ಮೇವು ಅಂದರೆ ಗುಂಟೆಗೆ ನಾನೂರರಿಂದ ಐನೂರು ಕಿಲೋ. ಐದು ಗುಂಟೆ ಸಾಕು. ಎಕರೆಯ ಎಂಟನೇ ಒಂದು ಪಾಲು! ಆ ಐದು ಗುಂಟೆಯಲ್ಲಿ ಕಾಳು ಬಿಟ್ಟಿದ್ದರೆ ಮಳೆಯಾಶ್ರಯದಲ್ಲಿ ಎರಡು ಎರಡೂವರೆ ಕ್ವಿಂಟಲ್ ಬರುತ್ತಿತ್ತು. 2025-26ರ ಬೆಂಬಲ ಬೆಲೆ 2400 ರೂಪಾಯಿ ಲೆಕ್ಕ ಹಿಡಿದರೂ (ಆ ಬೆಲೆ ಪೇಟೆಯಲ್ಲಿ ಕೈಗೆ ಸಿಕ್ಕಿತು ಅಂತ ಯಾರೂ ನನಗೆ ಹೇಳಿಲ್ಲ) ಆರು ಸಾವಿರದ ಒಳಗೆ. ಒಂದು ಆಕಳನ್ನು ಏಪ್ರಿಲ್‌ನಲ್ಲಿ ಕೊಟ್ಟು ಜುಲೈನಲ್ಲಿ ಮತ್ತೆ ಕೊಂಡರೆ ಆಗುವ ಹಾನಿ ಇದರ ಎಷ್ಟು ಪಟ್ಟು ಅಂತ ನೀವೇ ಗುಣಿಸಿಕೊಳ್ಳಿ.

ಇನ್ನು ದುಡಿಮೆ. ಇಲ್ಲಿ ನಾನು ಸುಳ್ಳು ಹೇಳುವುದಿಲ್ಲ, ಇದು ಮೈಮುರಿಯುವ ಕೆಲಸ. ಕೊಯ್ಯಬೇಕು, ಹೊತ್ತು ತರಬೇಕು, ಕತ್ತರಿಸಬೇಕು, ತುಳಿಯಬೇಕು. ಎರಡು ಎಚ್‌ಪಿ ಮೇವು ಕತ್ತರಿಸುವ ಯಂತ್ರ ಇದ್ದರೆ ಮೂರು ಜನಕ್ಕೆ ಎರಡು ದಿನದ ಕೆಲಸ, ದಿನಕ್ಕೆ ಇಪ್ಪತ್ತು ಚೀಲ. ಮೂರು ಜನ, ಎರಡು ದಿನ, ಎಂಟು ತಾಸು: ನಲವತ್ತೆಂಟು ತಾಸು. ಈಗ ವೈನಿ ದಿನಾ ಎರಡು ತಾಸು ಹುಲ್ಲಿಗೆ ತಿರುಗುತ್ತಾರಲ್ಲ, ತೊಂಬತ್ತು ದಿನಕ್ಕೆ ನೂರಾ ಎಂಬತ್ತು ತಾಸು, ಅದೂ ಮಾರ್ಚ್ ಏಪ್ರಿಲ್ ಬಿಸಿಲಲ್ಲಿ, ಅದೂ ನೋಯುವ ಮೊಣಕಾಲು ಇಟ್ಟುಕೊಂಡು, ಅದೂ ಒಬ್ಬರೇ. ಆ ನೂರಾ ಎಂಬತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾಕೆಂದರೆ ಅದಕ್ಕೆ ಯಾರೂ ಕೂಲಿ ಕೊಟ್ಟಿಲ್ಲ. ಸೈಲೇಜಿನ ನಲವತ್ತೆಂಟು ತಾಸು ಮಾತ್ರ ಎಲ್ಲರ ಕಣ್ಣಿಗೂ "ಖರ್ಚು" ಆಗಿ ಕಾಣುತ್ತದೆ! ನನ್ನ ಸಿಟ್ಟು ಇರುವುದೇ ಇಲ್ಲಿ. ಹೆಂಗಸರ ದುಡಿಮೆಗೆ ಸೊನ್ನೆ ಬೆಲೆ ಕಟ್ಟಿದ ಮೇಲೆ ಯಾವ ಹೊಸ ವಿಧಾನ ತಂದರೂ ಅದು ದುಬಾರಿಯಾಗಿಯೇ ಕಾಣುತ್ತದೆ.

ಸರ್ಕಾರದ ಲೆಕ್ಕವೂ ಹೀಗೇ. 2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಸೈಲೇಜ್, ಮೇವಿನ ಬ್ಲಾಕ್ ತಯಾರಿಸುವ ಘಟಕಕ್ಕೆ ಶೇಕಡಾ 50ರಷ್ಟು ಸಹಾಯಧನ ಇದೆ, ಗರಿಷ್ಠ 50 ಲಕ್ಷ ರೂಪಾಯಿ. ಒಳ್ಳೆಯದೇ, ಬೇಡ ಅನ್ನಲಾರೆ. ಆದರೆ 50 ಲಕ್ಷ ಸಹಾಯಧನ ಪಡೆಯಬೇಕೆಂದರೆ ಕೋಟಿಯ ಯೋಜನೆ ಹಾಕಬೇಕು. ಆ ಘಟಕದವರು ನಮ್ಮಣ್ಣನಂಥವರ ಹೊಲದ ಜೋಳ ನಿಂತ ಕಾಲಲ್ಲೇ ಕೊಂಡು, ಕತ್ತರಿಸಿ, ಒತ್ತಿ, ಚೀಲ ಕಟ್ಟಿ, ಬೇಸಿಗೆಯಲ್ಲಿ ನಮ್ಮ ವೈನಿಯಂಥವರಿಗೇ ವಾಪಸು ಮಾರುತ್ತಾರೆ. ನಡುವೆ ಸಾಗಣೆ ಬೇರೆ. ಸೈಲೇಜಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ನೀರು. ಅಂದರೆ ಡೀಸೆಲ್ ಸುಟ್ಟು ಲಾರಿಯಲ್ಲಿ ಹೊರುವುದು ಹೆಚ್ಚಾಗಿ ನೀರನ್ನೇ! ಮನೆಯ ಹಿತ್ತಲಲ್ಲೇ ಆಗುವ ಕೆಲಸಕ್ಕೆ ಇಷ್ಟೆಲ್ಲ ಯಾಕೆ? ದೊಡ್ಡ ದೊಡ್ಡ ಡೇರಿಗಳು ಕೊಳ್ಳಲಿ, ಬೇಡ ಅನ್ನುವುದಿಲ್ಲ. ನಲವತ್ತು ಒಳಚೀಲಕ್ಕೆ ಮಾತ್ರ ಯಾವ ಯೋಜನೆಯಲ್ಲೂ ಒಂದು ಸಾಲು ಜಾಗ ನನ್ನ ಕಣ್ಣಿಗೆ ಬಿದ್ದಿಲ್ಲ.

ನಮ್ಮ ಕಸುಬಿನವರ ಬಗ್ಗೆಯೂ ಎರಡು ಮಾತು. 2019ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಹೈನುಗಾರಿಕೆಗೂ ಸಿಗುತ್ತದೆ, ದುಡಿಯುವ ಬಂಡವಾಳಕ್ಕೆ, ಅಂದರೆ ಮೇವು, ಹಿಂಡಿ, ಔಷಧಿ ಖರ್ಚಿಗೆ. ಆ ಮಿತಿಯಿಂದ ಹಿಂಡಿ ಚೀಲ ತಂದರೆ ಯಾರೂ ಕೇಳುವುದಿಲ್ಲ. ಅದೇ ಮಿತಿಯಿಂದ ಸೆಪ್ಟೆಂಬರ್‌ನಲ್ಲಿ ಒಳಚೀಲ ತಂದು, ಕೂಲಿ ಕೊಟ್ಟು, ಮೇವು ತುಂಬಿಟ್ಟರೆ ಅದೂ ಮೇವಿನ ಖರ್ಚೇ. ಯಾವ ನಿಯಮವೂ ಅಡ್ಡ ಬರುವುದಿಲ್ಲ. ಒಂದು ಶಾಖೆಯಲ್ಲಿ ಈ ಮಾತು ತೆಗೆದಾಗ ಎದುರಿಗಿದ್ದ ಸಹೋದ್ಯೋಗಿ, "ಸರ್, ಚೀಲಕ್ಕೆ ಕೊಟೇಶನ್ ಎಲ್ಲಿಂದ ತರ್ತಾರೆ?" ಅಂದರು. ದುಡಿಯುವ ಬಂಡವಾಳಕ್ಕೆ ಕೊಟೇಶನ್ನು! ಹಿಂಡಿಗೆ ಕೇಳದ್ದು ಚೀಲಕ್ಕೆ ಯಾಕೆ ಅಂತ ನಾನು ಕೇಳಿದೆ, ಚಹಾ ಬಂತು, ಮಾತು ಬೇರೆ ಕಡೆ ಹೋಯಿತು.

ಈಗ ಮಾಡುವ ಬಗೆ. ಗೋವಿನಜೋಳವನ್ನು ಕಾಳು ಹಾಲುಗಟ್ಟಿ ಹಿಟ್ಟಿನ ಹದಕ್ಕೆ ಬರುತ್ತಿರುವಾಗ, ತೆನೆ ಸಮೇತ ಕೊಯ್ಯಬೇಕು. ತೆನೆಯನ್ನು ನಡುವೆ ಮುರಿದು ಕಾಳು ನೋಡಿದರೆ ಮೇಲಿನಿಂದ ಅರ್ಧದಷ್ಟು ಗಟ್ಟಿ ಹಳದಿ, ಕೆಳಗೆ ಇನ್ನೂ ಹಾಲು, ಆ ಹದ. ತಳಿ ನೋಡಿಕೊಂಡು ಬಿತ್ತಿದ ಎಂಬತ್ತರಿಂದ ತೊಂಬತ್ತೈದು ದಿನ. ಒಂದರಿಂದ ಎರಡು ಸೆಂಟಿಮೀಟರ್ ತುಂಡು, ಅದಕ್ಕಿಂತ ದೊಡ್ಡದಾದರೆ ಒತ್ತಿದಷ್ಟೂ ಉಬ್ಬುತ್ತದೆ, ಗಾಳಿ ಉಳಿಯುತ್ತದೆ. ಕತ್ತರಿಸಿದ್ದನ್ನು ಒಂದು ಮುಷ್ಟಿ ಹಿಡಿದು ಗಟ್ಟಿಯಾಗಿ ಹಿಂಡಿ ಬಿಡಿ. ನೀರು ಬೆರಳ ಸಂದಿಯಿಂದ ತೊಟ್ಟಿಕ್ಕಿದರೆ ಹಸಿ ಜಾಸ್ತಿ, ನೆರಳಲ್ಲಿ ಹರವಿ. ಉಂಡೆ ಕೂಡಲೇ ಪುಡಿಪುಡಿಯಾಗಿ ಉದುರಿದರೆ ಒಣಗಿದ್ದು ಜಾಸ್ತಿ. ಉಂಡೆ ನಿಧಾನಕ್ಕೆ ಬಿಚ್ಚಿಕೊಂಡು ಅಂಗೈ ತೇವ ಮಾತ್ರ ಆದರೆ ಸರಿ. ಈ ಹದ ಗೊತ್ತಾಗಲು ಯಾವ ಮೀಟರೂ ಬೇಡ, ರೊಟ್ಟಿ ಬಡಿಯುವ ಕೈಗೆ ಒಂದೇ ಸಲಕ್ಕೆ ತಿಳಿಯುತ್ತದೆ.

ದಪ್ಪ ಪ್ಲಾಸ್ಟಿಕ್ ಒಳಚೀಲ, ನೂರು ಮೈಕ್ರಾನ್‌ಗಿಂತ ಕಡಿಮೆ ಬೇಡ. ಹೊರಗೆ ಹಳೆಯ ಹೆಣೆದ ಚೀಲ, ಗೊಬ್ಬರದ್ದಾದರೆ ಎರಡು ಸಲ ತೊಳೆದದ್ದು. ಒಂದೊಂದೇ ಗೇಣು ತುಂಬುತ್ತಾ ಮುಷ್ಟಿಯಿಂದ, ಮೊಣಕಾಲಿನಿಂದ ಒತ್ತಿ. ಮೂಲೆಗಳನ್ನು ಮರೆಯಬೇಡಿ, ಗಾಳಿ ಅಡಗುವುದೇ ಅಲ್ಲಿ. ತುಂಬಿದ ಮೇಲೆ ಬಾಯಿ ಹಿಂಡಿ ತಿರುಚಿ ಕಟ್ಟಿ, ಮಡಿಸಿ ಮತ್ತೊಂದು ಗಂಟು. ನೆರಳಲ್ಲಿ, ಹಲಗೆಯ ಮೇಲೆ. ತುಂಬುವ ಕೆಲಸ ಶುರು ಮಾಡಿದ ಚೀಲ ಅವತ್ತೇ ಕಟ್ಟಬೇಕು, ನಾಳೆಗೆ ಇಡಬಾರದು. ಕನಿಷ್ಠ ನಲವತ್ತು ನಲವತ್ತೈದು ದಿನ ಮುಟ್ಟಬೇಡಿ. ಒಳಚೀಲ ನಾವು ಕೊಂಡಾಗ ಒಂದು ಲೀಟರ್ ಹಾಲಿನ ದುಡ್ಡಿಗಿಂತ ಕಡಿಮೆ ಬಿತ್ತು. ಇನ್ನೂರು ಲೀಟರಿನ ನೀಲಿ ಡ್ರಮ್ಮು, ಮುಚ್ಚಳಕ್ಕೆ ಪಟ್ಟಿ ಇರುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು, ನೂರು ಕಿಲೋ ಮೇಲೆ ಹಿಡಿಯುತ್ತದೆ, ವರ್ಷಾನುಗಟ್ಟಲೆ ಬರುತ್ತದೆ. ಆದರೆ ಅದರಲ್ಲಿ ಮೊದಲು ಏನಿತ್ತು ಅಂತ ವಿಚಾರಿಸದೆ ತರಬೇಡಿ, ಕೆಮಿಕಲ್ ತುಂಬಿದ ಡ್ರಮ್ಮುಗಳೇ ಅಗ್ಗಕ್ಕೆ ಸಿಗುವುದು.

ಗೋವಿನಜೋಳಕ್ಕೆ ಬೆಲ್ಲ ಬೇಡ, ಅದರಲ್ಲೇ ಸಕ್ಕರೆ ಇದೆ. ಬದುವಿನ ಹುಲ್ಲು, ನೇಪಿಯರ್ ಆದರೆ ಅರ್ಧ ದಿನ ಬಾಡಿಸಿ, ಐವತ್ತು ಕಿಲೋಗೆ ಒಂದು ಒಂದೂವರೆ ಕಿಲೋ ಬೆಲ್ಲ ನೀರಲ್ಲಿ ಕರಗಿಸಿ ಚಿಮುಕಿಸಬೇಕು. ಹಸಿ ತೆನೆ, ಸ್ವೀಟ್ ಕಾರ್ನ್ ಮಾರುವವರಿಗೆ ತೆನೆ ಕಿತ್ತ ಮೇಲೆ ಉಳಿಯುವ ಹಸಿರು ದಂಟು ಬಂಗಾರ, ಅದನ್ನು ಒಣಗಲು ಬಿಡುವುದು ನನಗಂತೂ ಪಾಪ ಅನ್ನಿಸುತ್ತದೆ. ಕಾಳಿಗೆ ಬಿಟ್ಟು ಪೂರ್ತಿ ಒಣಗಿದ ಸೊಪ್ಪೆಯಿಂದ ಮಾತ್ರ ಸೈಲೇಜ್ ಆಗುವುದಿಲ್ಲ, ಅದನ್ನು ಬಣವೆಗೇ ಹಾಕಿ.

2018ರಲ್ಲಿ ಸೈನಿಕ ಹುಳು ನಮ್ಮ ರಾಜ್ಯದಲ್ಲೇ ಮೊದಲು ಕಾಣಿಸಿಕೊಂಡ ಮೇಲೆ ಗೋವಿನಜೋಳಕ್ಕೆ ಔಷಧಿ ಹೊಡೆಯುವುದು ಹೆಚ್ಚಾಗಿದೆ. ಮೇವಿಗೆ ಅಂತ ಗುರುತು ಮಾಡಿದ ಐದು ಗುಂಟೆಗೆ ಹೊಡೆದಿದ್ದರೆ ಡಬ್ಬಿಯ ಮೇಲೆ ಬರೆದ ಅವಧಿ ಮುಗಿಯುವ ತನಕ ಕೊಯ್ಯಬಾರದು. ಮಳೆ ಇಲ್ಲದೆ ಬಾಡಿದ ಎಳೆಯ ಜೋಳದಲ್ಲಿ, ಅಂದರೆ ನಮ್ಮ ರೊಟ್ಟಿ ಜೋಳದಲ್ಲಿ, ವಿಷ ಇರುತ್ತದೆ ಅಂತ ಊರಿನವರಿಗೆ ಗೊತ್ತೇ ಇದೆ. ಸೈಲೇಜ್ ಮಾಡಿದರೆ ಎಲ್ಲ ಹೋಗಿಬಿಡುತ್ತದೆ ಅಂತ ನಂಬಿ ಅದನ್ನು ತುಂಬಬೇಡಿ.

ಚೀಲ ಬಿಚ್ಚಿದಾಗ ಹಸಿರು ಮಿಶ್ರಿತ ಹಳದಿ ಬಣ್ಣ, ಮಜ್ಜಿಗೆಯಂಥ ಹುಳಿ ವಾಸನೆ ಇದ್ದರೆ ಗೆದ್ದಿರಿ. ಹೊಗೆಸೊಪ್ಪಿನಂತೆ ಕಂದು, ಸುಟ್ಟ ಬೆಲ್ಲದ ವಾಸನೆ ಬಂದರೆ ಗಾಳಿ ಇತ್ತು, ಬಿಸಿಯಾಗಿದೆ. ಕಪ್ಪಾಗಿ ಲೋಳೆಯಾಗಿ ಮೂಗು ಮುಚ್ಚಿಕೊಳ್ಳುವ ನಾತ ಬಂದರೆ, ಬಿಳಿ ಹಸಿರು ಬೂಷ್ಟು ಕಂಡರೆ, ತಿಪ್ಪೆಗೆ. ಇದರಲ್ಲಿ ದಾಕ್ಷಿಣ್ಯ ಬೇಡ, "ಆಕಳಲ್ಲವಾ, ತಿನ್ನುತ್ತದೆ" ಅನ್ನಬೇಡಿ. ಬೂಷ್ಟಿನ ವಿಷ ಹಾಲಿಗೆ ಬರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಹಾಲಿನ ಸಮೀಕ್ಷೆಯಲ್ಲಿ 6432 ಮಾದರಿಗಳ ಪೈಕಿ 368ರಲ್ಲಿ ಅಫ್ಲಾಟಾಕ್ಸಿನ್ ಮಿತಿ ಮೀರಿತ್ತು. ಅದು ಮೇವು, ಹಿಂಡಿಯ ಬೂಷ್ಟಿನಿಂದ ಬರುವಂಥದ್ದು. ಕೆಟ್ಟ ಸೈಲೇಜು ಕುರಿಗಳಿಗಂತೂ ಇನ್ನೂ ಅಪಾಯ.

ಮೊದಲ ದಿನವೇ ಹತ್ತು ಕಿಲೋ ಹಾಕಬೇಡಿ, ಒಂದು ವಾರದಲ್ಲಿ ಏರಿಸಿ. ಹಾಲು ಕರೆದ ಮೇಲೆ ಹಾಕಿ, ಇಲ್ಲದಿದ್ದರೆ ಕೊಟ್ಟಿಗೆಯ ಹುಳಿ ವಾಸನೆ ಹಾಲಿಗೆ ಹತ್ತುತ್ತದೆ. ಗೋವಿನಜೋಳದ ಸೈಲೇಜಿನಲ್ಲಿ ಶಕ್ತಿ ಜಾಸ್ತಿ, ಪ್ರೋಟೀನು ಕಡಿಮೆ, ಹಾಗಾಗಿ ಶೇಂಗಾ ಹಿಂಡಿಯೋ ಹತ್ತಿಕಾಳು ಹಿಂಡಿಯೋ ಬಿಡುವ ಹಾಗಿಲ್ಲ.

"ಹಸಿ ಹುಲ್ಲು ಕೊಳೆಸಿ ಗೋಮಾತೆಗೆ ಹಾಕುತ್ತೀರಾ, ಇದು ವಿದೇಶೀ ಪದ್ಧತಿ, ಕೆಮಿಕಲ್" ಅಂತ ವಾಟ್ಸಪ್ಪಿನಲ್ಲಿ ಒಂದು ಸಂದೇಶ ಓಡಾಡುತ್ತಿರುತ್ತದೆ, ನನಗೇ ಮೂರು ಸಲ ಬಂದಿದೆ. ಕಳಿಸಿದವರು ಮೂವರೂ ಫ್ಲಾಟಿನಲ್ಲಿ ಇರುವವರು. ಅವರಿಗೆ ನನ್ನ ಉತ್ತರ: ಮೊಸರು ತಿನ್ನುತ್ತೀರಾ? ಉಪ್ಪಿನಕಾಯಿ? ಇಡ್ಲಿ? ಗೋವಿನಜೋಳದ ಚೀಲದಲ್ಲಿ ಗೋವಿನಜೋಳ ಬಿಟ್ಟು ಬೇರೇನೂ ಇಲ್ಲ. ಗೋಮಾತೆ ಏಪ್ರಿಲ್‌ನಲ್ಲಿ ಬರೀ ಒಣ ಸೊಪ್ಪೆಯ ದಂಟು ಜಗಿದು ಎಲುಬು ಕಾಣುವಂತೆ ಆಗುವುದು ಯಾವ ಪದ್ಧತಿ? 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತಲ್ಲ, ಆಗ ಈ ಸಂದೇಶದವರು ಒಂದು ಹೊರೆ ಹುಲ್ಲು ಕಳಿಸಿದ್ದರಾ? ಮಹಾರಾಷ್ಟ್ರದಲ್ಲಿ 2019ರ ಬೇಸಿಗೆಯಲ್ಲಿ ಬೀಡ, ಅಹಮದನಗರ ಕಡೆ ಮೇವಿನ ಛಾವಣಿಗಳಲ್ಲಿ ಜನ ದನಗಳ ಜೊತೆ ವಾರಗಟ್ಟಲೆ ಬಯಲಲ್ಲಿ ಇದ್ದದ್ದು ನಾವಿಲ್ಲಿ ಪತ್ರಿಕೆಯಲ್ಲಿ ನೋಡಿದ್ದೇವೆ. ಹಿಂದಿನ ಮಳೆಗಾಲದ ಹತ್ತು ಚೀಲ ಇದ್ದಿದ್ದರೂ ಎಷ್ಟೋ ಮನೆಯವರು ಆ ಬಯಲಿಗೆ ಹೋಗುವುದು ಎರಡು ವಾರ ತಡವಾಗುತ್ತಿತ್ತು.

ಹಾಗಂತ ಎಲ್ಲರೂ ಮಾಡಬೇಕು ಅಂತಲೂ ಇಲ್ಲ. ಬಾವಿ ಬೋರು ಇದ್ದು ವರ್ಷವಿಡೀ ನೇಪಿಯರ್ ಕೊಯ್ಯುವವರಿಗೆ, ತೋಟದ ತಂಪಿನ ಮಲೆನಾಡಿನವರಿಗೆ ಇದರ ಗರಜು ಕಡಿಮೆ. ನಾನು ಹೇಳುತ್ತಿರುವುದು ಮಳೆ ನಂಬಿದ, ಒಂದೆರಡು ಆಕಳು ಎಮ್ಮೆ ಕಟ್ಟಿದ ಬಯಲುಸೀಮೆಯ ಮನೆಗಳಿಗೆ. ನಮ್ಮ ಪೈಕಿ ಹೆಚ್ಚಿನವರ ಮನೆಗಳು ಅವೇ.

ಈಗ ನಮ್ಮ ಪಾಲು. ಪುಣೆ ಮುಂಬೈಯಲ್ಲಿ ಇರುವ ನಮಗೆ ಗಣೇಶ ಚೌತಿಗೆ ರಜೆ ಸಿಗುತ್ತದೆ. ಜೂನ್ ಮೊದಲ ಮಳೆಗೆ ಬಿತ್ತಿದ ಜೋಳ ಹದಕ್ಕೆ ಬರುವುದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ, ಚೌತಿಯ ಹಿಂದೆ ಮುಂದೆ. ಊರಿಗೆ ಹೋಗಿ ಕಡಬು ತಿಂದು ಬರುತ್ತೀವಲ್ಲ, ಎರಡು ದಿನ ಜಾಸ್ತಿ ರಜೆ ಹಾಕಿ, ಪ್ಯಾಂಟು ಮಡಚಿ ಚೀಲ ತುಳಿಯಲು ಯಾರಿಗೆ ಏನು ಅಡ್ಡಿ? ಮಳೆ ಬಿಡುವು ಕೊಟ್ಟ ದಿನ ಮಾತ್ರ ಕೊಯ್ಯಬೇಕು, ಅದಕ್ಕೇ ಎರಡು ದಿನದ ಕೆಲಸಕ್ಕೆ ನಾಲ್ಕು ದಿನ ಇಟ್ಟುಕೊಂಡು ಹೋಗಿ. ತಿಂಗಳಾ ದುಡ್ಡು ಕಳಿಸುವವರು ಒಂದು ತಿಂಗಳ ದುಡ್ಡಲ್ಲಿ ಒಳಚೀಲ ಕೊಂಡು ಕಳಿಸಿ. ಹುಬ್ಬಳ್ಳಿಯಲ್ಲಿ ಸಿಗದಿದ್ದರೆ ಸಾಂಗ್ಲಿ, ಕೊಲ್ಹಾಪುರದ ಕೃಷಿ ಅಂಗಡಿಗಳಲ್ಲಿ ಮುರಘಾಸ ಬ್ಯಾಗ್ ಅಂದರೆ ಕೊಡುತ್ತಾರೆ, ಊರಿಗೆ ಹೋಗುವ ದಾರಿಯಲ್ಲೇ ಇವೆ.

ಕಡೆಗೊಂದು, ಇದನ್ನು ನೀವು ಕೇಳೇ ಕೇಳುತ್ತೀರಿ: ಇಲಿ. ಹೌದು, ಚೀಲದ ಸೈಲೇಜಿಗೆ ದೊಡ್ಡ ಕಾಟ ಇಲಿಯದೇ. ಕಾಳಿನ ವಾಸನೆಗೆ ಬಂದು ತೂತು ಮಾಡಿದರೆ ಅಲ್ಲಿಂದ ಗಾಳಿ, ಅಲ್ಲಿಂದ ಬೂಷ್ಟು. ಗೋಡೆಗೆ ತಾಗಿಸದೆ, ಸುತ್ತ ಒಂದು ಮೊಳ ಜಾಗ ಬಿಟ್ಟು ಜೋಡಿಸಿ, ವಾರಕ್ಕೊಮ್ಮೆ ಸುತ್ತು ಹಾಕಿ ನೋಡಿ, ತೂತು ಕಂಡ ದಿನವೇ ಅಗಲದ ಟೇಪು ಹಚ್ಚಿ. ಡ್ರಮ್ಮಾದರೆ ಈ ಚಿಂತೆ ಇಲ್ಲ. ನಮ್ಮ ವೈನಿ ಮಾತ್ರ ಟೇಪು ಗೀಪು ಅಂತ ಕಾಯದೆ ಒಂದು ಬೆಕ್ಕು ಸಾಕಿದ್ದಾರೆ. ಬೆಕ್ಕಿಗೆ ಸಹಾಯಧನ ಕೊಡುವ ಯೋಜನೆ ಯಾವುದಾದರೂ ಇದ್ದರೆ ತಿಳಿಸಿ, ಅರ್ಜಿ ನಾನೇ ಬರೆದುಕೊಡುತ್ತೇನೆ :)